ಆಟೋದ ಮೈಕಿನಲ್ಲಿ ಅವಳ ಹೆಸರು

ಎರಡರಲ್ಲಿ ಯಾವುದನ್ನು ಕಳಿಸಿದೆ? ಹೆಸರಿಲ್ಲದ್ದನ್ನೇ ಇರಬೇಕು. ಹೆಸರಿಲ್ಲದ್ದನ್ನೇ ಅಲ್ಲವೇ? ಅವಸರದಲ್ಲಿದ್ದದ್ದು ನಿಜ, ಆದರೆ ಅಷ್ಟೂ ನೋಡದೆ ಕಳಿಸುವಷ್ಟು ಮೈಮರೆವೇ?

ಹಾಲಸ್ವಾಮಿ ಕೊಟ್ಟೂರಿನ ರಂಗಮಂದಿರದ ಕೊನೆಯ ಸಾಲಿನಲ್ಲಿ ಕೂತಿದ್ದ. ಮೊಬೈಲ್ ಕೈಯಲ್ಲೇ ಇತ್ತು. ತೆರೆದು ನೋಡಲು ಧೈರ್ಯವಿರಲಿಲ್ಲ.

ಆ ವಾರದ ಕಾರ್ಯಕ್ರಮಗಳ ಪ್ರಚಾರಕ್ಕೆ ಅವನದೇ ದನಿ. ಶುಕ್ರವಾರ ಗೀತನಾಟಕ, ಶನಿವಾರ ನೃತ್ಯರೂಪಕ, ಭಾನುವಾರ ಮನೆಮಂದಿಯೆಲ್ಲ ಕೂತು ನೋಡುವ ಹಾಸ್ಯನಾಟಕ. ಅವನು ಮೊಬೈಲಿನಲ್ಲಿ ಹೇಳಿ ಕಳಿಸಿದ್ದನ್ನು ಪ್ರವೀಣಕುಮಾರ್ ತನ್ನ ಆಟೋದ ಮೈಕಿನಲ್ಲಿ ಊರೂರಿಗೆ ಕೇಳಿಸಬೇಕು. ನಾಳೆ ಹರಪನಹಳ್ಳಿ, ನಾಡಿದ್ದು ಹಡಗಲಿ. ಇವತ್ತು ಕಾನಹೊಸಹಳ್ಳಿ.

ಕಾನಹೊಸಹಳ್ಳಿ ಸಂಘಮಿತ್ರಾಳ ಊರು.

ಅವಳು ಎದುರಿಗೇ ಇದ್ದಳು, ವೇದಿಕೆಯ ಮೇಲೆ, ಶನಿವಾರದ ರೂಪಕದ ತಾಲೀಮಿನಲ್ಲಿ. ಅವಳದು ಹಗರಿ ಹೊಳೆಯ ಪಾತ್ರ. ಬೇಸಿಗೆಯಲ್ಲಿ ಮರಳಾಗಿ ಮಲಗಿದ ಹೊಳೆ ಮೊದಲ ನೀರು ಮುಟ್ಟಿದಾಗ ಏಳುವ ಗಳಿಗೆ ಅದು. ಅವಳ ಬೆರಳೊಂದು ಅಲುಗುತ್ತಿತ್ತು, ಆಮೇಲೆ ಮಣಿಕಟ್ಟು, ಆಮೇಲೆ ಕತ್ತು. ಸರ್ಕಾರಿ ಆಸ್ಪತ್ರೆಯಲ್ಲಿ ಅವಳು ನರ್ಸು. ಊರೆಲ್ಲ ಅವಳನ್ನು ಸಿಸ್ಟರ್ ಎನ್ನುತ್ತದೆ. ಹಾಲಸ್ವಾಮಿಗೆ ಅದೊಂದು ಬಾಯಿಗೆ ಬರುವುದಿಲ್ಲ. ಹೆಸರು ಹಿಡಿದು ಕರೆಯುವ ಧೈರ್ಯವೂ ಇಲ್ಲ. 'ರೀ' ಎನ್ನುತ್ತಾನೆ, ಅಷ್ಟೇ.

ಹೋದ ವಾರ ಅವಳೇ ಬಂದು ಕೇಳಿಕೊಂಡಿದ್ದಳು: "ನನ್ನ ಹೆಸರೊಂದು ಮೈಕಿನಾಗ ಬ್ಯಾಡ್ರಿ. ನಮ್ಮಪ್ಪಗ ಗೊತ್ತಾತಂದ್ರ ನಾ ಕುಣಿಯೂದು ಅಲ್ಲಿಗೇ ಮುಗೀತು."

ಕಾರಣವನ್ನೂ ಹೇಳಿದ್ದಳು. ಅವಳ ಅಜ್ಜಿ ಸುಂಕಮ್ಮನನ್ನು ಊರ ದೊಡ್ಡವರು ಕುಣಿಯಲು ಕರೆಸುತ್ತಿದ್ದರು. ಯಾರಾದರೂ ನೋಟು ಕೊಟ್ಟಾಗಲೆಲ್ಲ ಮೈಕಿನಲ್ಲಿ ಅವಳ ಹೆಸರು ಕೂಗುತ್ತಿದ್ದರು. ಜನ ಸಿಳ್ಳೆ ಹೊಡೆಯುತ್ತಿದ್ದರು. ಅದನ್ನು ಕೇಳುತ್ತಲೇ ಬೆಳೆದವರು ಅಪ್ಪ ಪಕ್ಕೀರಪ್ಪ.

ಆಗಲಿ ಎಂದಿದ್ದ ಹಾಲಸ್ವಾಮಿ. ಅವಳ ಹೆಸರಿಲ್ಲದ ಪ್ರಚಾರವನ್ನು ಅವತ್ತೇ ಮಾಡಿದ. ಮರುದಿನ ಬಾಗಿಲು ಹಾಕಿಕೊಂಡು ಇನ್ನೊಂದನ್ನು ಮಾಡಿದ, ಹೆಸರಿನ ಸಮೇತ. ಯಾರಿಗಾಗಿಯೂ ಅಲ್ಲ. ಆ ಹೆಸರು ತನ್ನ ಬಾಯಲ್ಲಿ ಹೇಗೆ ಕೇಳಿಸುತ್ತದೆಂದು ತಿಳಿಯಲು.

ಈಗ ಮೊಬೈಲ್ ತೆರೆದ. ಹೋಗಿದ್ದದ್ದು ಹೆಸರಿದ್ದದ್ದೇ.

ಪ್ರವೀಣಕುಮಾರನಿಗೆ ಫೋನು ಮಾಡಿದ. ರಿಂಗಾಗಿ ರಿಂಗಾಗಿ ನಿಂತಿತು. ನೆತ್ತಿಯ ಮೇಲೆ ಮೈಕು ಕೂಗುತ್ತಿರುವವನಿಗೆ ಜೇಬಿನ ಫೋನು ಕೇಳಿಸುವುದೆಂತು? ಹಾಲಸ್ವಾಮಿ ಎದ್ದು ವೇದಿಕೆಯ ಹತ್ತಿರ ಹೋದ.

"ರೀ, ಸ್ವಲ್ಪ ಕೆಳಗ ಬರ್ರಿ."

ಸಂಘಮಿತ್ರಾ ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತ ಬಂದಳು. "ಏನ್ರಿ ಇದು, ಇವತ್ತು ನನ್ನ ಮುಖ ನೋಡಿ ಮಾತಾಡ್ತೀರಿ! ದಿನಾ ಬರೇ ನನ್ನ ಗೆಜ್ಜಿ ಕೂಡ ಮಾತಾಡ್ತಿದ್ರಿ."

ಅವನು ಹೇಳಿದ. ಹೇಳುತ್ತಿದ್ದಂತೆ ಅವಳ ಕಣ್ಣಿನ ನಗು ಆರಿಹೋಯಿತು.

"ನಮ್ಮಪ್ಪ ಈಗ ಬಸ್‌ಸ್ಟ್ಯಾಂಡಿನಾಗ ಚಾ ಕುಡ್ಯಾಕ ಕುಂತಿರ್ತಾನ. ಗಾಡಿ ತಗೀರಿ."

"ನೀವೂ ಬರ್ತೀರೇನು?"

"ಮತ್ತ? ನನ್ನ ಹೆಸರು ನಿಮ್ಮ ಕೈಯಾಗ ಕೊಟ್ಟು ಇಲ್ಲಿ ಕುಂತು ಅಳ್ಲೇನು?"

ಗೆಜ್ಜೆ ಬಿಚ್ಚಲೂ ಪುರುಸೊತ್ತಿರಲಿಲ್ಲ. ಬೈಕಿನ ಪ್ರತಿ ಕುಲುಕಿಗೂ ಅವು ಝಲ್ಲೆನ್ನುತ್ತಿದ್ದವು. ಅವಳು ಹಿಂದಿನ ಕಂಬಿ ಹಿಡಿದು ಕೂತಿದ್ದಳು. ಎರಡೂ ಕಡೆ ಮೆಕ್ಕೆಜೋಳ ಆಳೆತ್ತರ ನಿಂತಿತ್ತು. ಹೊಲದಿಂದ ತಲೆಯೆತ್ತಿದವರೆಲ್ಲ ತಮ್ಮನ್ನೇ ನೋಡುತ್ತಿದ್ದಾರೆಂದು ಹಾಲಸ್ವಾಮಿಗೆ ಅನಿಸಿತು. ತನ್ನ ಮನೆಯವರು, ಅವಳ ಮನೆಯವರು, ನಡುವೆ ಈ ರಸ್ತೆ. ಇಷ್ಟು ದಿನ ಬೇಡಿಕೊಂಡದ್ದು ಹೀಗೆ ಒದಗಿತ್ತು: ಅವಳು ಬೆನ್ನ ಹಿಂದೆ, ಜೀವ ಬಾಯಿಗೆ.

"ನಾ ಬ್ಯಾಡ ಅಂದಿದ್ನೆಲ್ಲ," ಗಾಳಿಯಲ್ಲಿ ಅವಳ ದನಿ. "ಮತ್ಯಾಕ ಮಾಡಿದ್ರಿ?"

"ಊರಿಗೆ ಕೇಳ್ಸಾಕ ಅಲ್ರಿ."

"ಮತ್ತ ಯಾರಿಗೆ?"

ಎದುರಿಗೆ ಲಾರಿ ಬಂತು. ದಾಟಿ ಹೋಯಿತು. ಧೂಳು ಇಳಿಯಿತು.

"ನಾನ ಕೇಳಾಕ."

ರಸ್ತೆಯ ಉಬ್ಬು ಬಂದಾಗ ಅವಳ ಕೈ ಅವನ ಹೆಗಲಿಗೆ ಬಂತು; ಉಬ್ಬು ದಾಟಿದ ಮೇಲೆ ತಟ್ಟನೆ ಹಿಂದೆ ಹೋಯಿತು. ಸಿಟ್ಟೋ ಮತ್ತೊಂದೋ ಎಂದು ತಿರುಗಿ ನೋಡಲಾರದೆ ಅವನು ಬೈಕು ಓಡಿಸಿದ.

ಊರ ಬಾಗಿಲಿಗೆ ಬರುತ್ತಿದ್ದಂತೆ ಅವನದೇ ದನಿ ಎದುರುಗೊಂಡಿತು.

"ಕಲಾಭಿಮಾನಿಗಳೇ, ಹಗರಿ ಹೊಳೆಯಾಗಿ ವೇದಿಕೆಗೆ ಬರುತ್ತಿದ್ದಾರೆ..."

ಅಲ್ಲೊಂದು ನಿಲುಗಡೆ. ಪ್ರಚಾರದವರು ಯಾರೂ ಬಿಡದಷ್ಟು ಉದ್ದನೆಯದು. ಉಸಿರೊಂದು ಒಳಗೆ ಹೋದದ್ದೂ ಮೈಕಿನಲ್ಲಿ ಸ್ಪಷ್ಟವಾಗಿ ಕೇಳಿಸಿತು.

"...ಕಾನಹೊಸಹಳ್ಳಿಯ ಸಂಘಮಿತ್ರಾ."

ಬೆನ್ನ ಹಿಂದೆ ಗೆಜ್ಜೆ ಸ್ತಬ್ಧವಾಯಿತು.

ಚಹಾ ಅಂಗಡಿಯ ಭರಮಮ್ಮ ಸೌಟು ಹಿಡಿದೇ ಹೊರಗೆ ಬಂದಿದ್ದಳು. "ಪಕ್ಕೀರಣ್ಣ, ನಿನ್ನ ಮಗಳ ಹೆಸರಲ್ಲೇನೋ ಅದು!"

ಪಕ್ಕೀರಪ್ಪ ಆಗಲೇ ರಸ್ತೆಗಿಳಿದು ಆಟೋದ ಮುಂದೆ ನಿಂತಿದ್ದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದ ಗಟ್ಟಿ ಮನುಷ್ಯ. ಪ್ರವೀಣಕುಮಾರ್ ಏನೂ ತಿಳಿಯದೆ ಮೈಕು ಆರಿಸಿದ. ಆ ಮೌನದಲ್ಲಿ ಸಂಘಮಿತ್ರಾ ಬೈಕಿನಿಂದಿಳಿದು ನಡೆದಳು. ಹೆಜ್ಜೆಹೆಜ್ಜೆಗೂ ಗೆಜ್ಜೆ ಬೀದಿಗೆಲ್ಲ ಕೇಳಿಸಿತು. ತಂದೆ ಮಗಳ ಮುಖ ನೋಡಲಿಲ್ಲ, ಕಾಲು ನೋಡಿದರು.

"ನಿನ್ನ ಹೆಸರು ಯಾರು ಹಾಕಿದ್ದು?"

ಹಾಲಸ್ವಾಮಿ ಬಾಯಿ ತೆರೆದ. ನಾನು ಎಂಬ ಒಂದೇ ಮಾತು. ಅದು ಹೊರಗೆ ಬರಲಿಲ್ಲ.

"ನಾನ ಹೇಳಿ ಹಾಕ್ಸೀನಪ್ಪ," ಎಂದಳು ಸಂಘಮಿತ್ರಾ.

"ನೀನ?"

"ಹೂಂ. ಕದ್ದು ಕುಣಿಯೂದು ನನಗ ಸಾಕಾಗೈತಿ."

ಪಕ್ಕೀರಪ್ಪನ ದನಿ ಮೆತ್ತಗಾಯಿತು.

"ನಮ್ಮವ್ವನ್ನ ಯಾರೂ ಕೇಳ್ಲಿಲ್ಲವ್ವ. ಆಕಿ ಬ್ಯಾಡ ಅಂದಾಗೂ ಕೂಗಿದ್ರು. ಕಿವಿ ಮುಚ್ಚಿಕೊಂಡ್ರೂ ಕೇಳಿಸ್ತಿತ್ತು ನನಗ. ನೀನ ಹೇಳಿ ಹಾಕ್ಸೀದಿ ಅಂದ್ರ, ಅದು ಬ್ಯಾರೆ ಮಾತು."

ಆಮೇಲೆ ಅವರು ಹಾಲಸ್ವಾಮಿಯ ಕಡೆ ತಿರುಗಿದರು. "ಮಗಳನ್ನ ಕರಕೊಂಡು ಬಂದೀರಿ, ಮೈಕಿನಾಗಿನ ದನಿ ನಿಮ್ಮದೇನ್ರಿ? ಯಾರ ಮನಿಯವ್ರು?"

"ಕೊಟ್ಟೂರು ಗುರುಬಸವರಾಜಪ್ಪರ ಮಗ ರೀ. ಮೆಕ್ಕೆಜೋಳದ ವ್ಯಾಪಾರ ಐತಿ ನಮ್ದು."

ಪಕ್ಕೀರಪ್ಪನ ದವಡೆ ಒಮ್ಮೆ ಬಿಗಿಯಿತು. "ಹೂಂ. ಅವಾಗ ನಮ್ಮವ್ವಗ ಕರೆ ಕಳಿಸ್ತಿದ್ದೋರು ನಿಮ್ಮಂಥ ಮನಿಯೋರ." ಮಗಳ ಮುಖವನ್ನೊಮ್ಮೆ ನೋಡಿ ಹೇಳಿದರು: "ನೀವು ನನ್ನ ಮಗಳನ್ನ ಕೇಳಿ ಹಾಕೀರಿ. ಅಷ್ಟು ಸಾಕು ಬಿಡ್ರಿ. ಶನಿವಾರ ಎಷ್ಟೊತ್ತಿಗೆ ಶುರು?"

ತಿರುಗಿ ಬರುವಾಗ, ರಸ್ತೆಯಲ್ಲಿ ಉಬ್ಬೇನೂ ಇಲ್ಲದ ಕಡೆ, ಅವಳ ಕೈ ಅವನ ಹೆಗಲ ಮೇಲೆ ಬಂದು ಕೂತಿತು. ಈ ಸಲ ಹಿಂದೆ ಹೋಗಲಿಲ್ಲ.

"ಹೆಸರು ಹೇಳೂಕಿಂತ ಮೊದ್ಲ ಯಾಕ್ರಿ ಅಷ್ಟೊತ್ತು ಸುಮ್ನಿದ್ರಿ?"

"ಉಸಿರು ಸಾಲ್ಲಿಲ್ಲ."

ಅವಳು ನಕ್ಕಳು. ಆ ನಗು ಅವನ ಕತ್ತಿಗೆ ಬೆಚ್ಚಗೆ ತಾಗಿತು. "ಇಡೀ ಕಾನಹೊಸಹಳ್ಳಿಗೆ ಹೇಳಿದ್ರಿ, ನನಗೊಬ್ಬಾಕಿಗೆ ಹೇಳ್ಲಿಲ್ಲ ನೋಡ್ರಿ. ಇನ್ಮ್ಯಾಲೆ ಮೈಕು ಬ್ಯಾಡ. ಬಾಯಿಲೇ ಕರೀರಿ."

ಅವನು ಕರೆದ. ಅವಳು 'ಹೂಂ' ಎಂದಳು.

ಶನಿವಾರ ಪಕ್ಕೀರಪ್ಪ ಬಂದರು. ಹಗರಿ ಎದ್ದು ಹರಿದಾಗ ಕನ್ನಡಕ ತೆಗೆದು ಒರೆಸಿಕೊಂಡರು. ಮುಂದೆ ಮದುವೆಯ ಮಾತೆದ್ದು ಎರಡೂ ಮನೆಗಳಲ್ಲಿ ಬಾಗಿಲು ಬಡಿದು, ಮಾತು ಬೆಳೆದು, ಹಾಲಸ್ವಾಮಿಯ ಮನೆಯವರು ತಿಂಗಳುಗಟ್ಟಲೆ ಅವನೊಡನೆ ಮಾತು ಬಿಟ್ಟಾಗಲೂ, ಅವನ ಪರ ನಿಂತವರು ಪಕ್ಕೀರಪ್ಪ. ಕೇಳಿದವರಿಗೆಲ್ಲ ಒಂದೇ ಮಾತು ಹೇಳುತ್ತಿದ್ದರು: "ಆ ಹುಡುಗ ನನ್ನ ಮಗಳನ್ನ ಕೇಳಿ ಹೆಸರು ಹಾಕ್ಯಾನ. ಹಂಥಾವನ್ನ ಬಿಡಬಾರದು."

ಆ ಮಾತು ಕೇಳಿದಾಗಲೆಲ್ಲ ಹಾಲಸ್ವಾಮಿ ತಲೆ ತಗ್ಗಿಸುತ್ತಿದ್ದ. ಸಂಘಮಿತ್ರಾ ಅವನ ಕಡೆ ನೋಡುತ್ತಿದ್ದಳು. ಅವಳು ಬೇಡ ಎಂದಿದ್ದಳು ಎಂದು ಅವನು ಪಕ್ಕೀರಪ್ಪನಿಗೆ ಎಂದೂ ಹೇಳಲಿಲ್ಲ.