ಮಹದೇವಪ್ಪನವರ ಜೋಪಾನ

ನಜರ್‌ಬಾದಿನ ಮರದ ಕಾರ್ಖಾನೆಯಲ್ಲಿ, ಎಲ್ಲರೆದುರು, ಹೆಡ್ ಮಿಸ್ತ್ರಿ ಮಹದೇವಪ್ಪನವರು ಆಡಿದ ಮಾತು ಎರಡು ತಿಂಗಳಾದರೂ ಚಾಮಯ್ಯನಿಗೆ ಅರಗಲಿಲ್ಲ.

"ಕರೆಂಟು ಇರೋವಾಗ್ಲೇ ಗರಗಸದ ಚಕ್ರಕ್ಕೆ ಕೈ ಹಾಕ್ತೀಯಲ್ಲೋ, ಎಂಟು ಬೆರಳು ಸಾಕೇನೋ ನಿಂಗೆ? ಇನ್ಮೇಲೆ ಮಿಷನ್ ಮುಟ್ಬೇಡ. ಉಪ್ಪುಕಾಗದ ಹಿಡ್ಕೊಂಡು ಕುರ್ಚಿ ಕಾಲು ಉಜ್ಜೋಗು."

ಒಂಬತ್ತು ವರ್ಷ ಮಿಷನ್ ಓಡಿಸಿದ ಕೈ ಕುರ್ಚಿ ಕಾಲು ಉಜ್ಜಿತು. ಜೊತೆಯ ಬೀರಯ್ಯ ದಿನವೂ ಕೇಳುತ್ತಿದ್ದ: "ಏನ್ ಚಾಮಣ್ಣ, ಕುರ್ಚಿಯಮ್ಮಂಗೆ ಕಾಲು ಒತ್ತಿದ್ದಾಯ್ತಾ?"

ಚಾಮಯ್ಯ ನಗಲಿಲ್ಲ. ಉಜ್ಜುತ್ತಾ ನೋಡಿದ. ಪ್ರತಿ ಮಂಗಳವಾರ ಎಲ್ಲರೂ ಹಿತ್ತಲಿಗೆ ಊಟಕ್ಕೆ ಹೋದ ಮೇಲೆ ಮಿಸ್ತ್ರಿ ಒಬ್ಬರೇ ಗರಗಸ ಸರಿಮಾಡುತ್ತಾರೆ. ಮರದ ರಾಶಿಯ ಹಿಂದಿನ ಬೋರ್ಡಿನಲ್ಲಿರುವ ಸ್ವಿಚ್ಚಿನ ಹಿಡಿ ಸಡಿಲ. ತಾನೇ ಜಾರಿ ಬಿದ್ದು ಮಿಷನ್ ಹೊರಟುಬಿಡುವುದುಂಟು. ಅದಕ್ಕೇ ಅವರು ಅದೇ ಬೋರ್ಡಿನಿಂದ ಮೊದಲು ಫ್ಯೂಸು ಕೀಳುತ್ತಾರೆ, ಆಮೇಲೆ ಚಕ್ರದ ಮೇಲೆ ತಲೆ ಬಗ್ಗಿಸುತ್ತಾರೆ. ಕಿತ್ತದ್ದು ಹತ್ಯಾರದ ಪೆಟ್ಟಿಗೆ ಸೇರುತ್ತದೆಂದು ಅವನ ಅಂದಾಜು. ಅಲ್ಲಿ ಅಂಥವೇ ಏಳೆಂಟು ಬಿದ್ದಿದ್ದವು. ಒಂದು ಹೋದರೆ, ಒಂದು ಬಂದರೆ ಯಾರು ಕೇಳುತ್ತಾರೆ? ಸೋಮವಾರ ಒಂದನ್ನು ಜೇಬಿಗಿಳಿಸಿದ.

ಕೊಲ್ಲುವುದೇನು ದೊಡ್ಡ ವಿದ್ಯೆಯಲ್ಲ. ಜೋಪಾನದ ಮನುಷ್ಯ ಒಂದು ದಿನ ಮೈಮರೆತ ಎಂದು ಜನ ನಂಬಿದರೆ ಮುಗಿಯಿತು.

ಮಂಗಳವಾರ ಬೋರ್ಡಿನಲ್ಲಿ ಫ್ಯೂಸಿನ ಜಾಗ ಖಾಲಿಯಿತ್ತು. ಚಾಮಯ್ಯ ತನ್ನದನ್ನು ಸಿಕ್ಕಿಸಿದ, ಸ್ಪ್ಯಾನರಿನ ಸದ್ದಿಗೆ ಕಾದ, ಹಿಡಿ ಜಾರಿಸಿದ. ಒಂದೇ ಕೂಗು. ಹಿತ್ತಲಿಂದ ಜನ ಓಡಿಬರುವಾಗ ನೀರಿನ ತೊಟ್ಟಿಯ ಕಡೆಯಿಂದ ಒದ್ದೆ ಕೈಯಲ್ಲಿ ಅವನೂ ಓಡಿಬಂದ. ಮಿಸ್ತ್ರಿ ಆಸ್ಪತ್ರೆ ಮುಟ್ಟಲಿಲ್ಲ.

ಮಾಲೀಕ ಬಸವರಾಜು ಪೊಲೀಸರಿಗೆ ಬೋರ್ಡು ತೋರಿಸಿದರು. "ನೋಡಿ ಸಾರ್, ಫ್ಯೂಸು ಕಿತ್ತೇ ಇಲ್ಲ. ನಮ್ಗೆಲ್ಲಾ ಬುದ್ಧಿ ಹೇಳೋರು ತಾವೇ ಮರ್ತ್‌ಬುಟ್ರು." ಪೊಲೀಸರು ಹಾಗೆಯೇ ಬರೆದುಕೊಂಡರು.

ಮರುದಿನ ಮಿಸ್ತ್ರಿಯ ಮನೆಯಂಗಳದಲ್ಲಿ ಹೆಗಲು ಕೊಡಲು ಚಾಮಯ್ಯ ಎಲ್ಲರಿಗಿಂತ ಮುಂದೆ ನಿಂತಿದ್ದ. ಲಿಂಗಾಯತರ ಮಣ್ಣು ಅವನು ಕಂಡವನಲ್ಲ. ಸತ್ತವರ ಕೊರಳ ಲಿಂಗವನ್ನು ಬಿಚ್ಚಿ ಎಡಗೈಗೆ ಇಡಬೇಕೆಂದು ಅಯ್ಯನವರು ಹೇಳಿದರು. ಹೆಂಡತಿ ಶಾಂತಾದೇವಿ ಮಿಸ್ತ್ರಿಯ ಎದೆಯ ಮೇಲಿನ ಲಿಂಗವಸ್ತ್ರದ ಗಂಟು ಬಿಚ್ಚಿದರು. ಲಿಂಗದ ಜೊತೆಗೆ ಒಂದು ಬಿಳಿ ಪಿಂಗಾಣಿ ಫ್ಯೂಸು. "ಮಿಷನ್ನಿಗೆ ಕೈ ಹಾಕೋ ಮುಂಚೆ ಇದನ್ನ ಕಿತ್ತು ಇಲ್ಲೇ ಕಟ್ಕೊಳೋರು ಕಣ್ರೀ," ಎಂದರು. "ಕೆಲ್ಸ ಮುಗಿದ್ಮೇಲೇನೇ ಬಿಚ್ಚೋರು." ಬಸವರಾಜು ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ಹಂಗಾದ್ರೆ ಬೋರ್ಡಲ್ಲಿರೋದು ಯಾರು ಹಾಕಿದ್ದು?" ನಿನ್ನೆ ಊಟದ ಸಾಲಿನಲ್ಲಿ ಇಲ್ಲದವನು ಒಬ್ಬನೇ. ಮೊದಲು ಬೀರಯ್ಯನ ಮುಖ, ಆಮೇಲೆ ಒಂದೊಂದೇ ಮುಖ ಚಾಮಯ್ಯನ ಕಡೆ ತಿರುಗಿತು.