ಅರಗಿನ ಬಣ್ಣದ ಸಾಲು

ಒಂದಾನೊಂದು ಕಾಲದಲ್ಲಿ, ಎಂದರೆ ಇನ್ನೂ ಬಾರದ ಕಾಲದಲ್ಲಿ, ಮಾತಿನ ಒಡೆಯರನ್ನು ಹುಡುಕಿಕೊಡುವ ಪೆಟ್ಟಿಗೆಯೊಂದಿತ್ತು. ಸರ್ಕಾರದ ಯಾವ ನಿಯಮವನ್ನಾದರೂ ಅದರ ಗಾಜಿನ ಮೇಲಿಟ್ಟು ಒಂದು ಸಾಲನ್ನು ಮುಟ್ಟಿದರೆ, ಅದನ್ನು ಮೊದಲು ಆಡಿದವರ ದನಿಯೇ ಕೇಳಿಸುತ್ತಿತ್ತು. ಮಾಯವೇನಿಲ್ಲ. ಮುಚ್ಚಿದ ಬಾಗಿಲ ಹಿಂದಿನ ಸಭೆಗಳನ್ನೂ ಧ್ವನಿಮುದ್ರಿಸಿಡಬೇಕೆಂಬ ಕಾನೂನು ಬಂದಿತ್ತು. ಆ ದನಿಗಳ ಕಡಲಲ್ಲಿ ಮುಳುಗಿ ಸಾಲಿನ ಬೇರನ್ನು ಹಿಡಿದು ತರುವುದಷ್ಟೇ ಪೆಟ್ಟಿಗೆಯ ಕೆಲಸ.

ಅದನ್ನು ಕಟ್ಟಿದ ವಿಜ್ಞಾನಿ ಇಂದುಮತಿ ಚನ್ನಪಟ್ಟಣಕ್ಕೆ ಬಂದದ್ದು ಗೊಂಬೆ ಮಾಡುವ ಸಾಕಮ್ಮನಿಗೆ ಕೊಟ್ಟ ಮಾತಿಗಾಗಿ. ಆಟಿಕೆ ಪ್ರಾಧಿಕಾರದ ಕರಡು ನಿಯಮದಲ್ಲಿ ಒಂದು ಸಾಲಿತ್ತು: ಕೈಯಿಂದ ಹಚ್ಚಿದ ಅರಗಿನ ಬಣ್ಣ ಮಕ್ಕಳ ಬಾಯಿಗೆ ಸುರಕ್ಷಿತವಲ್ಲ. ಅದು ಜಾರಿಯಾದರೆ ಇಡೀ ಬೀದಿಯ ಕೆಲಸ ನಿಲ್ಲುತ್ತಿತ್ತು.

"ಬರ್ಸಿದೋನು ಯಾರು ಅಂತ ಅಹವಾಲು ಸಭೇಲಿ ಎಲ್ರಿಗೂ ಕೇಳಿಸ್ಬೇಕು ಮೇಡಮ್ಮೋರೆ," ಎಂದಿದ್ದಳು ಸಾಕಮ್ಮ. "ಯಾವನೋ ಪ್ಲಾಸ್ಟಿಕ್ ಕಾರ್ಖಾನೆಯೋನೇ ಇರ್ಬೇಕು."

ಸಭೆಯ ದಿನ ಬೆಳಿಗ್ಗೆ, ಸಾಕಮ್ಮನ ಮನೆಯಲ್ಲೇ ಇಂದುಮತಿ ಒಮ್ಮೆ ಸಾಲನ್ನು ಮುಟ್ಟಿ ನೋಡಿದಳು. ಪೆಟ್ಟಿಗೆ ಮಾತಾಡಿತು. ಅವಳ ಕೈಯಲ್ಲಿದ್ದ ಅರಗಿನ ಕಡ್ಡಿ ಹಾಗೇ ನಿಂತಿತು.

ಅದು ಅವಳ ಸ್ವಂತ ಅಣ್ಣ ಸಿದ್ದಪ್ಪಾಜಿಯ ದನಿ. ಗೊಂಬೆ ಕೆಲಸಗಾರರ ಸಂಘದ ಅಧ್ಯಕ್ಷ. ತಾನು ಬಣ್ಣ ಹಚ್ಚಿದ ಪ್ರತಿ ಗಿಲಕಿಯನ್ನೂ ನೆಕ್ಕಿ ನೋಡಿಯೇ ಮಾರುತ್ತಿದ್ದವನು. ಬೀದಿಯವರ ಆಕ್ಷೇಪಣೆಗಳನ್ನು ಬೆಂಗಳೂರಿಗೆ ಒಯ್ದವನೂ ಅವನೇ.

ಸಭಾಂಗಣದ ಬಾಗಿಲಲ್ಲಿ ಅವನು ಎದುರಾದ. ಪೆಟ್ಟಿಗೆ ಕಂಡೊಡನೆ ತಾನೇ ಹೇಳಿದ: "ಸಮಿತೀಲಿ ಜಾಗ ಕೊಡ್ತೀವಿ ಅಂದ್ರು, ಸಾಕೂ. ಈ ಸಾಲು ಬರ್ಕೊಟ್ಟು ಓದು ಅಂದ್ರು. ಓದ್ದೆ."

"ನೆಕ್ಕಿ ನೋಡ್ತಿದ್ದ ನಾಲಿಗೇಲೇ ಓದ್ದೇನಣ್ಣ?"

ಪ್ರಾಧಿಕಾರದ ಅಧಿಕಾರಿ ಹತ್ತಿರ ಬಂದು ಮೆಲ್ಲಗೆ, "ಮನೆ ಮರ್ಯಾದೆ ನೋಡ್ಕೊಳ್ಳಿ ತಾಯಿ. ಪೆಟ್ಟಿಗೆ ಬೇಡ ಅಂತ ನೀವೇ ಹೇಳಿದ್ರೆ ಮುಗೀತು," ಎಂದ.

ಆಗ ಇಂದುಮತಿಗೆ ಹೊಳೆಯಿತು. ಈ ಬೀದಿಯ ಯಾರೂ ಆ ಸಾಲನ್ನು ಮುಟ್ಟಬಾರದೆಂದೇ ಅದನ್ನು ಈ ಬೀದಿಯವನ ಬಾಯಿಂದ ಆಡಿಸಿದ್ದರು. ವೇದಿಕೆಯ ಪಕ್ಕದ ಬೀರುವಿನಲ್ಲಿ ಅವಳ ಅಜ್ಜಿಯ ಕಾಲದ ಗೆಜೆಟ್ಟುಗಳು ಸಾಲಾಗಿ ನಿಂತಿದ್ದವು. ಆಗಿನವರು ಆ ನಿಯಮಗಳನ್ನು ಯಾರ ದನಿಯೆಂದು ಕೇಳದೆಯೇ ಪಾಲಿಸಿದ್ದರು.

"ಬಿಟ್ಟುಬಿಡೋಣವೇ?" ಎಂದು ಸಾಕಮ್ಮನನ್ನು ಕೇಳಿದಳು.

ಸಾಕಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ಮಾತು ಕೊಟ್ಟಿದ್ದೀರಿ. ಕೇಳಿಸಿ. ಅವನು ಓದೋಕೆ ಮುಂಚೆ 'ಓದು' ಅಂದೋನ ದನೀನೂ ಕೇಳಿಸಿ."

ಸಿದ್ದಪ್ಪಾಜಿ ತಲೆ ತಗ್ಗಿಸಿದ. ಇಂದುಮತಿ ಧ್ವನಿಮುದ್ರಿಕೆಯನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿ ಗಾಜಿನ ಮೇಲೆ ಬೆರಳಿಟ್ಟಳು. ಕಿಕ್ಕಿರಿದ ಸಭೆಯಲ್ಲಿ ಆ ಅಧಿಕಾರಿಯ ದನಿ ತಣ್ಣಗೆ ಎದ್ದಿತು: "ನೀವೇ ಓದಿಬಿಡಿ. ಆಮೇಲೆ ನಿಮ್ಮೋರು ಉಸಿರೆತ್ತಲ್ಲ."