ಮಲಗಿದ ಪೆಟ್ಟಿಗೆಯ ನೆನಪು

ದೊಡ್ಡಬೀರಯ್ಯನಿಗೆ ಬಲಗಾಲು ಇರಲಿಲ್ಲ. ಆನೆ ಬರುವ ಮೊದಲೇ ಸೈರನ್ ಕೂಗಿದ್ದರೆ ಊರುಗೋಲು ಹಿಡಿದು ಊರು ಸೇರುತ್ತಿದ್ದ. ಕೂಗಲಿಲ್ಲ. ಬೆಳಿಗ್ಗೆ ಹೆಂಡತಿ ಕರಿಯಮ್ಮ ಗಂಜಿ ತಂದಾಗ ಆನೆ ತುಳಿದ ಕಾವಲು ಗುಡಿಸಲು ನೆಲಸಮವಾಗಿತ್ತು. ಅವನು ಅದರಡಿ ಇದ್ದ, ಪಕ್ಕದಲ್ಲಿ ಕಟ್ಟಿದ್ದ ಎರಡು ಮೇಕೆಗಳೂ.

ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನ ಆ ಹೊಲಕ್ಕೆ ಚಾಮರಾಜನಗರದಿಂದ ಭಾನು ಬಂದಳು. ಆನೆಯ ಹೆಜ್ಜೆಗೆ ನೆಲ ನಡುಗಿದರೆ ಸೈರನ್ ಕೂಗುವ ಪೆಟ್ಟಿಗೆಯನ್ನು ಕಾಡಂಚಿನಲ್ಲಿ ಕೂರಿಸಿದ ಎಂಜಿನಿಯರ್ ಅವಳೇ. ಅದನ್ನು ನೋಡಿಕೊಳ್ಳುತ್ತಿದ್ದ ಮಹಾಲಿಂಗನನ್ನು ಊರಿನವರು ಬೇವಿನ ಮರಕ್ಕೆ ಕಟ್ಟಿದ್ದರು. ತುಟಿ ಒಡೆದಿತ್ತು. ಆನೆ ಇನ್ನೂ ಲಂಟಾನ ಪೊದೆಯಲ್ಲೇ ಇತ್ತು—ಕೊಂಬೆ ಮುರಿದ ಸದ್ದಾದಾಗಲೆಲ್ಲ ಎಲ್ಲರ ಮಾತೂ ನಿಲ್ಲುತ್ತಿತ್ತು.

“ನೀನೇ ಕಣ್ಲಾ ನನ್ ಗಂಡನ್ನ ತಿಂದೋನು,” ಎಂದಳು ಕರಿಯಮ್ಮ.

“ಒತ್ತು ಮುಳುಗೋವಾಗ ನೋಡ್ಬುಟ್ಟೇ ಮನೆಗೋದೆ ಕಣಕ್ಕ. ಅಸಿರು ದೀಪ ಉರೀತಿತ್ತು,” ಎಂದ ಮಹಾಲಿಂಗ.

ಪಕ್ಕದ ಹೊಲದಲ್ಲಿ ಟೊಮೆಟೊ ಬೆಳೆಯುವ ಶಿವಶಂಕರ ನಕ್ಕ. “ಎಲ್ಡು ದಿನದಿಂದ ಮೋಡ. ಬಿಸ್ಲೇ ಇಲ್ದೆ ಸೋಲಾರು ಏನ್ ಕುಡೀತದೆ ಮೇಡಮ್ಮಾ? ಇವ್ನು ಕಣ್ ಬುಟ್ಟು ನೋಡಿಲ್ಲ ಅಷ್ಟೇಯ.”

ಭಾನು ಪೆಟ್ಟಿಗೆ ತೆರೆದಳು. ಬ್ಯಾಟರಿ ಸತ್ತಿತ್ತು, ಮೈಮೇಲೆ ನೀಲಿ ಕಿಲುಬು. ಪೆಟ್ಟಿಗೆಯ ನೆನಪು ಓದುತ್ತೇನೆಂದು ಅವಳು ಲ್ಯಾಪ್‌ಟಾಪ್ ಜೋಡಿಸಿದಳು.

“ಸತ್ತಿರೋ ಪೆಟ್ಗೆಗೆ ಏನ್ ಗ್ಯಾಪಕ ಇದ್ದಾತು?” ಎಂದ ಶಿವಶಂಕರ.

“ಇದಕ್ಕೆ ಎರಡು ನೆನಪು,” ಎಂದಳು ಭಾನು. “ ಒಂದು ಚುರುಕು—ಕರೆಂಟ್ ಹೋದ್ರೆ ಎಲ್ಲ ಮರೆಯುತ್ತೆ. ಇನ್ನೊಂದು ಕರೆಂಟಿಲ್ಲದಿದ್ರೂ ಮರೆಯಲ್ಲ. ನೆಲ ಸುಮ್ಮನಿದ್ದಾಗ ಎಲ್ಲವನ್ನೂ ಎರಡನೆಯದಕ್ಕೆ ಇಳಿಸಿ, ಮೊದಲನೆಯದನ್ನ ಆರಿಸಿ ಮಲಗುತ್ತೆ. ಅದಕ್ಕೇ ಪುಟ್ಟ ಬ್ಯಾಟರಿ ಸಾಕು. ಔಷಧಿ ಹೊಡೆಯೋ ಪಂಪಿಗೆ ಹಾಕ್ತಾರಲ್ಲ, ಅಂಥದ್ದು.”

ಭಾನು ಪರದೆಯ ಮೇಲೆ ಬೆರಳಿಟ್ಟು ತೋರಿಸಿದಳು.

“ಸಂಜೆ ಬ್ಯಾಟರಿ ತುಂಬಿತ್ತು ಅನ್ನೋದು ಇದರಲ್ಲಿ ಉಳಿದಿದೆ. ಆಮೇಲೆ ಒಮ್ಮೆಲೇ ಖಾಲಿ. ಮೋಡದಿಂದಾದ್ರೆ ನಿಧಾನಕ್ಕೆ ಇಳೀಬೇಕಿತ್ತು. ಯಾರೋ ಇದರ ಬ್ಯಾಟರಿ ತೆಗೆದು ತಮ್ಮ ಸತ್ತ ಬ್ಯಾಟರಿ ಇಟ್ಟಿದ್ದಾರೆ. ಈ ನೀಲಿ ನೋಡಿ—ನಾನೂ ಕಿಲುಬು ಅಂದ್ಕೊಂಡೆ. ಆದ್ರೆ ಪ್ಲಾಸ್ಟಿಕ್ ಮೇಲೂ ಇದೆ. ಪ್ಲಾಸ್ಟಿಕ್ ಕಿಲುಬು ಹಿಡಿಯುತ್ತಾ? ಇದು ಮೈಲುತುತ್ತ, ಟೊಮೆಟೊಗೆ ಹೊಡೆಯೋದು. ಶಿವಶಂಕರಣ್ಣ, ನಿಮ್ಮ ಪಂಪ್ ತನ್ನಿ.”

ಅವನು ಅಲುಗಲಿಲ್ಲ. ಕರಿಯಮ್ಮನೇ ಹೋಗಿ ಪಂಪ್ ಎಳೆದು ತಂದಳು. ಒಳಗೆ ಭಾನು ಚೀಟಿ ಅಂಟಿಸಿ ಪೆಟ್ಟಿಗೆಗೆ ಹಾಕಿದ್ದ ಹೊಸ ಬ್ಯಾಟರಿ.

“ಬೆಳಿಗ್ಗೆ ಮದ್ದು ಒಡ್ದು ವಾಪಸ್ ಮಡ್ಗನ ಅಂತಿದ್ದೆ,” ಎಂದ ಶಿವಶಂಕರ. “ಅದು ಮಲ್ಗೇ ಇರ್ತದೆ ಅಂತ ಪೆಟ್ಗೆ ಕೂರ್ಸೋವಾಗ ನೀವೇ ಯೋಳಿದ್ರಲ್ಲ. ಮಲ್ಗಿರೋದ್ಕೆ ಬ್ಯಾಟ್ರಿ ಯಾಕೆ ಅನ್ಕಂಡೆ.”

ಮಹಾಲಿಂಗನ ಹಗ್ಗ ಬಿಚ್ಚಿದರು. ಯಾರೂ ಅವನ ಮುಖ ನೋಡಲಿಲ್ಲ. ಭಾನು ಬ್ಯಾಟರಿ ಹಾಕಿದಳು. ದೀಪ ಹತ್ತಿತು. ಹತ್ತಿದ್ದೇ ತಡ, ಸೈರನ್ ಕೂಗತೊಡಗಿತು. ಪೊದೆ ಅಲುಗುತ್ತಿತ್ತು.

ಈ ಸಲ ಓಡಲು ಸಮಯವಿತ್ತು. ಎಲ್ಲರೂ ಓಡಿದರು.

ಒಟ್ಟು ಹೋದದ್ದು ಒಂದು ಗುಡಿಸಲು, ಎರಡು ಮೇಕೆ, ಒಬ್ಬ ಮನುಷ್ಯ.